ಹಾಸನ: 40×60 ಸೈಟಿನಲ್ಲಿ ಒಂದೂವರೆ ಅಡಿ ಕಮ್ಮಿ ಬರುತ್ತಿದೆ. ಖಾಸಗಿ ಸರ್ವೆಯರ್ ಕರೆಸಲಾ, ಹದ್ದುಬಸ್ತಿಗೆ ಅರ್ಜಿ ಹಾಕಲಾ?

ಸಾಲಗಾಮೆ_ರಸ್ತೆ
ಎಲ್ಲರಿಗೂ ನಮಸ್ಕಾರ. ಸಾಲಗಾಮೆ ರಸ್ತೆ ಕಡೆ ಒಂದು ಖಾಸಗಿ ಲೇಔಟಿನಲ್ಲಿ ನಮ್ಮಪ್ಪ 2004ರಲ್ಲಿ ತಗೊಂಡ ಸೈಟಿದೆ. ಕ್ರಯಪತ್ರದಲ್ಲಿ ಪೂರ್ವ ಪಶ್ಚಿಮ 40 ಅಡಿ, ಉತ್ತರ ದಕ್ಷಿಣ 60 ಅಡಿ ಅಂತ ಬರೆದಿದೆ. ಇಷ್ಟು ವರ್ಷ ಖಾಲಿ ಬಿಟ್ಟಿದ್ದೆವು. ಈಗ ಮನೆ ಕಟ್ಟೋಣ ಅಂತ ಹೋದ ಭಾನುವಾರ ನಾನು, ನನ್ನ ತಮ್ಮ ಟೇಪ್ ಹಿಡಿದು ಅಳೆದರೆ ಮುಂಭಾಗ 38 ಅಡಿ 6 ಇಂಚು ಬಂತು. ಮೂರು ಸಲ ಅಳೆದೆವು, ಅಷ್ಟೇ.

ಪಶ್ಚಿಮಕ್ಕೆ ಪಕ್ಕದ ಮನೆಯವರ ಕಾಂಪೌಂಡ್ ಇದೆ, 2011ರಲ್ಲಿ ಕಟ್ಟಿದ್ದು. ಪೂರ್ವಕ್ಕೆ ಖಾಲಿ ಸೈಟು, ಮೂಲೆಯಲ್ಲಿ ಒಂದು ಕಲ್ಲಿದೆ. ಅಂದರೆ ಕಾಂಪೌಂಡ್ ಒಂದೂವರೆ ಅಡಿ ಒಳಗೆ ಬಂದಿದೆ ಅಂತಲೇ ಅಲ್ವಾ? ಅಪ್ಪ ತೀರಿಕೊಂಡಾಗ ರಾತ್ರಿಯಿಡೀ ನಮ್ಮ ಜೊತೆ ಇದ್ದವರು ಆ ಪಕ್ಕದ ಮನೆಯವರು. ಅವರ ಹತ್ತಿರ ಹೋಗಿ ಜಾಗ ಒತ್ತಿದ್ದೀರಿ ಅಂತ ಹೇಗೆ ಕೇಳುವುದು? ಎರಡು ದಿನದಿಂದ ಅಮ್ಮ ಸರಿಯಾಗಿ ಊಟ ಮಾಡಿಲ್ಲ.

ಖಾಸಗಿ ಸರ್ವೆಯರ್ ಒಬ್ಬರು 6,000 ಕೇಳಿದರು, ಇನ್ನೊಬ್ಬರು 14,000. ಯಾಕೆ ಇಷ್ಟು ವ್ಯತ್ಯಾಸ? ಅವರ ನಕ್ಷೆಗೆ ಬೆಲೆ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬಿಎಂ_ರೋಡ್
ದುಡ್ಡು ದಂಡ ಮಾಡಬೇಡಿ. ಖಾಸಗಿಯವರ ನಕ್ಷೆಗೆ ಯಾವ ಬೆಲೆಯೂ ಇಲ್ಲ. ನೇರವಾಗಿ ಹದ್ದುಬಸ್ತಿಗೆ, ಅಂದರೆ ಭೂಮಾಪನ ಇಲಾಖೆಯವರೇ ಬಂದು ಗಡಿ ಗುರುತಿಸಿ ಕೊಡಲು, ಅರ್ಜಿ ಹಾಕಿ.

ಗಾರೆ_ಕೆಲಸ
ಬಿಎಂ_ರೋಡ್ ಅವರೇ, ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ. ನಾನು ಹಾಸನದಲ್ಲೇ 17 ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಪಾಯ ತೆಗೆಯುವ ಮೊದಲು ಅಳತೆ ಮಾಡಿಸದೆ ನಾನು ಕೆಲಸ ಒಪ್ಪುವುದೇ ಇಲ್ಲ. ನಕ್ಷೆ ಕೋರ್ಟಿಗೆ ಬೇಕಾಗುತ್ತೋ ಇಲ್ಲವೋ ಆಮೇಲಿನ ಮಾತು. ಮೊದಲು ನಮ್ಮ ಜಾಗ ಎಲ್ಲಿದೆ ಅಂತ ನಮಗೆ ಗೊತ್ತಾಗಬೇಕು.

ದರದ ವ್ಯತ್ಯಾಸ ಯಾಕೆ ಅಂದರೆ, 6,000 ಕೇಳಿದವರು ಬಹುಶಃ ನಿಮ್ಮ ನಾಲ್ಕು ಮೂಲೆ ಮಾತ್ರ ಅಳೆದು ಹೋಗುತ್ತಾರೆ. 14,000 ಕೇಳಿದವರು ಇಡೀ ಸಾಲು ಅಳೆಯುತ್ತಾರಾ, ರಸ್ತೆಯ ಮೂಲೆಯಿಂದ ಶುರು ಮಾಡುತ್ತಾರಾ, ಕಲ್ಲು ನೆಟ್ಟು ಕೊಡುತ್ತಾರಾ, ಅಂತ ಕೇಳಿ. ಬರೀ ನಿಮ್ಮ ಸೈಟು ಅಳೆದರೆ ನೀವು ಟೇಪಿನಲ್ಲಿ ಕಂಡಿದ್ದನ್ನೇ ಅವರು ಮಷಿನ್ನಿನಲ್ಲಿ ಕಂಡು ಹೇಳುತ್ತಾರೆ, ಅಷ್ಟೇ. ಒಂದು ಸಾಲಿನಲ್ಲಿ 8 ಸೈಟಿದ್ದರೆ ಒಬ್ಬೊಬ್ಬರು ಎರಡೆರಡು ಇಂಚು ಆಚೆ ಸರಿದರೂ ಕೊನೆಯವನಿಗೆ ಹತ್ತಿರ ಹತ್ತಿರ ಒಂದೂಕಾಲು ಅಡಿ ಕಮ್ಮಿ. ಅಲ್ಲಿ ಕಳ್ಳ ಯಾರೂ ಇರುವುದಿಲ್ಲ.

ಇನ್ನೊಂದು ವಿಷಯ. ಕರ್ಣ ಅಳೆದಿರಾ? 40×60 ನೇರವಾಗಿದ್ದರೆ ಮೂಲೆಯಿಂದ ಮೂಲೆಗೆ 72 ಅಡಿ ಒಂದೂಕಾಲು ಇಂಚು ಬರಬೇಕು. ಎರಡು ಕರ್ಣವೂ ಒಂದೇ ಇರಬೇಕು. ವ್ಯತ್ಯಾಸ ಬಂದರೆ ಸೈಟು ಓರೆಯಾಗಿದೆ ಅಂತ ಅರ್ಥ. 30×40 ಆದರೆ ಸರಿಯಾಗಿ 50 ಅಡಿ, ನೆನಪಿಟ್ಟುಕೊಳ್ಳಲು ಸುಲಭ.

ಚೈನು_ಕ್ರಾಸ್‌ಸ್ಟಾಫ್
ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನ್ನದು ಒಂದೇ ಪ್ರಶ್ನೆ. ಪೂರ್ವದ ಮೂಲೆಯ ಕಲ್ಲು ಯಾವ ಕಲ್ಲು? ಲೇಔಟ್ ಮಾಡಿದವರು ನೆಟ್ಟಿದ್ದಾ, ಅದಕ್ಕಿಂತ ಮೊದಲಿನದ್ದಾ? ಅದರ ಮೇಲೆ ಸೈಟ್ ನಂಬರ್ ಏನಾದರೂ ಇದೆಯಾ? ಅದು ಗೊತ್ತಾಗದೆ ಕಾಂಪೌಂಡ್ ಒಳಗೆ ಬಂದಿದೆ ಅಂತ ತೀರ್ಮಾನ ಮಾಡಬೇಡಿ.

ಸಾಲಗಾಮೆ_ರಸ್ತೆ
ಅದು ಹಳೇ ಕಲ್ಲು ಸರ್. ಪಾಚಿ ಕಟ್ಟಿದೆ, ನಂಬರ್ ಕಾಣಲಿಲ್ಲ. ಕರ್ಣ ಅಳೆದಿಲ್ಲ, ಮಧ್ಯೆ ಲಂಟಾನ ಬೆಳೆದಿದೆ. ಮೊದಲು ಅದನ್ನು ಕಡಿಸಬೇಕು.

ದಿಶಾಂಕ್_ನೋಡಿ
ಇದಕ್ಕೆಲ್ಲ ಯಾಕೆ ಒದ್ದಾಟ? ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಳ್ಳಿ. ಜಾಗದಲ್ಲಿ ನಿಂತರೆ ಸರ್ವೆ ನಂಬರ್, ಗಡಿ ಎಲ್ಲ ತೋರಿಸುತ್ತದೆ. ಉಚಿತ.

ಚೈನು_ಕ್ರಾಸ್‌ಸ್ಟಾಫ್
ದಿಶಾಂಕ್ ಒಳ್ಳೆಯ ಆಪ್. ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ, ಅದು ಕೆರೆಯಾ, ಗೋಮಾಳವಾ ಅಂತ ತಿಳಿಯಲು ಖಂಡಿತ ಬಳಸಿ. ಜಾಗ ಕೊಳ್ಳುವ ಮೊದಲು ಎಲ್ಲರೂ ನೋಡಲೇಬೇಕು. ಆದರೆ ಗಡಿ ಗುರುತಿಸಲು ಅಲ್ಲ. ಮೊಬೈಲಿನ ಜಿಪಿಎಸ್ ಮೂರು, ಐದು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಇಲ್ಲಿ ಜಗಳ ಇರುವುದು ಒಂದೂವರೆ ಅಡಿಗೆ.

ಕಾಫಿ_ಮೂಡಿಗೆರೆ
ಸರ್ ಹೇಳಿದ್ದು ನಿಜ. ನಮ್ಮ ತೋಟದಲ್ಲಿ ಮನೆ ಅಂಗಳದಲ್ಲೇ ನಿಂತು ನೋಡಿದರೆ ಒಮ್ಮೆ ನಮ್ಮ ನಂಬರ್ ತೋರಿಸಿತು, ಇನ್ನೊಮ್ಮೆ ಪಕ್ಕದವರದ್ದು. ನಾನು ಅಲುಗಾಡಿರಲೇ ಇಲ್ಲ.

ನಮ್ಮ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಅಣ್ಣ ತಮ್ಮಂದಿರು ಪಾಲಾದಾಗ ನನಗೆ ಮನೆ ಕಟ್ಟಲು ತೋಟದ ಒಂದು ಅಂಚು ಬಂತು. ಪೂರ್ತಿ ಇಳಿಜಾರು. ಪಾಲುಪಟ್ಟಿಯಲ್ಲಿ ಇದ್ದ ಅಳತೆಯನ್ನು ನಾವೇ ನೆಲದ ಮೇಲೆ ಹಗ್ಗ ಎಳೆದು ಗುರುತು ಮಾಡಿಕೊಂಡಿದ್ದೆವು. ಎಲ್ಲರೂ ಒಪ್ಪಿದ್ದರು. ಆಮೇಲೆ 11ಇ ನಕ್ಷೆಗೆ (ಜಮೀನು ಭಾಗ ಮಾಡಿ ನೋಂದಣಿ ಮಾಡಿಸಲು ಬೇಕಾದ ಅಳತೆ ನಕ್ಷೆ) ಅಂತ ಪರವಾನಗಿ ಭೂಮಾಪಕರು ಬಂದು ಅಳೆದರೆ ನನ್ನ ಪಾಲು ಕಮ್ಮಿ! ಅಣ್ಣನ ಮೇಲೆ ಕೂಗಾಡಿದೆ, ಎರಡು ತಿಂಗಳು ಮಾತು ಬಿಟ್ಟೆವು. ಕೊನೆಗೆ ಆ ಭೂಮಾಪಕರೇ ಕೂರಿಸಿ ವಿವರಿಸಿದರು. ದಾಖಲೆಯ ಅಳತೆ ಯಾವಾಗಲೂ ಸಮತಟ್ಟಿನ ಲೆಕ್ಕ. ನಾವು ಹಗ್ಗ ಹಿಡಿದದ್ದು ಇಳಿಜಾರಿನ ಮೇಲೆ. 20 ಡಿಗ್ರಿ ಇಳಿಜಾರಿನಲ್ಲಿ 100 ಅಡಿ ಹಗ್ಗ ಹಾಸಿದರೆ ಸಮತಟ್ಟಿನ ಲೆಕ್ಕದಲ್ಲಿ ಅದು 94 ಅಡಿ ಮಾತ್ರ. ಮಲೆನಾಡಿನಲ್ಲಿ ಜಾಗ ಕರಗಿ ಹೋಯ್ತು ಅನ್ನುವ ಎಷ್ಟೋ ಜಗಳಗಳ ಬೇರು ಇಲ್ಲೇ ಇರುತ್ತದೆ. ಅಣ್ಣನದ್ದೇನೂ ತಪ್ಪಿರಲಿಲ್ಲ. ಆ ಎರಡು ತಿಂಗಳು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಕಡೂರು_ತೆಂಗು
ಇಳಿಜಾರಿನ ವಿಷಯ ಇವತ್ತೇ ಗೊತ್ತಾಗಿದ್ದು. ನಮ್ಮ ಬಯಲುಸೀಮೆಯಲ್ಲಿ ಈ ತೊಂದರೆ ಇಲ್ಲ. ನಮ್ಮಲ್ಲಿ ಇರುವುದು ಬದು ಒತ್ತುವ ತೊಂದರೆ. ಪ್ರತಿ ವರ್ಷ ಉಳುವಾಗ ಒಂದು ಸಾಲು ಒಳಗೆ ಬರುತ್ತಾರೆ. ಅದಿರಲಿ, ಗುಂಟೆಗೆ 1,000 ಚದರಡಿ ಅಲ್ವಾ? ಹಾಗಾದರೆ 40×60 ಅಂದರೆ ಎರಡು ಗುಂಟೆ 400 ಅಡಿ.

ಗಾರೆ_ಕೆಲಸ
ಅಲ್ಲ, ಗುಂಟೆಗೆ 1,089 ಚದರಡಿ. 33 ಅಡಿಗೆ 33 ಅಡಿ. 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರಡಿ. 40×60 ಅಂದರೆ 2 ಗುಂಟೆ ಮೇಲೆ 222 ಚದರಡಿ. ಬ್ರೋಕರ್‌ಗಳು 1,000 ಅಂತ ಬಾಯಿಲೆಕ್ಕ ಹೇಳುತ್ತಾರೆ, ನಂಬಬೇಡಿ.

ಚೈನು_ಕ್ರಾಸ್‌ಸ್ಟಾಫ್
ಆ 33 ಅಡಿ ಬಂದಿದ್ದು ನಮ್ಮ ಚೈನಿನಿಂದ. ಒಂದು ಚೈನು 33 ಅಡಿ, ಅದಕ್ಕೆ 16 ಆಣೆ. ಒಂದು ಆಣೆ ಅಂದರೆ 2 ಅಡಿ ಮುಕ್ಕಾಲು ಇಂಚು. ಹಳೇ ಟಿಪ್ಪಣಿಯಲ್ಲಿ, ಅಂದರೆ ಸರ್ವೆ ನಂಬರಿನ ಮೂಲ ಅಳತೆ ಚಿತ್ರದಲ್ಲಿ, ಅಳತೆ ಎಲ್ಲ ಚೈನು, ಆಣೆಯಲ್ಲೇ ಇರುತ್ತದೆ. ಮಧ್ಯದಲ್ಲಿ ಒಂದು ನೇರ ಗೆರೆ ಎಳೆದು, ಅದರಿಂದ ಎಡಕ್ಕೆ ಬಲಕ್ಕೆ ಲಂಬಕೋನ ಹಿಡಿಯುವ ಕ್ರಾಸ್‌ಸ್ಟಾಫ್ ಇಟ್ಟು ಮೂಲೆಗಳಿಗೆ ಎಷ್ಟು ದೂರ ಅಂತ ಬರೆಯುತ್ತಿದ್ದೆವು. ಈಗಿನ ಹುಡುಗರು ಟೋಟಲ್ ಸ್ಟೇಷನ್ (ದುರ್ಬೀನಿರುವ ಅಳತೆ ಮಷಿನ್), ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ ಮಷಿನ್) ಇಟ್ಟು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಳ್ಳೆಯದೇ. ಆದರೆ ಟಿಪ್ಪಣಿ ಓದಲು ಬರದವರ ಕೈಯಲ್ಲಿ ಎಂಥ ಮಷಿನ್ ಇದ್ದರೂ ಅದು ಗಡಿ ಹೇಳುವುದಿಲ್ಲ. ಮಷಿನ್ ಹೇಳುವುದು ಈಗ ಬೇಲಿ ಎಲ್ಲಿದೆ ಅಂತ. ಬೇಲಿ ಎಲ್ಲಿರಬೇಕಿತ್ತು ಅಂತ ಹೇಳುವುದು ದಾಖಲೆ.

ಚನ್ರಾಯಪಟ್ಣ_ಚಿಕ್ಕಿ
ಇದನ್ನು ಓದಿ ಹೊಟ್ಟೆ ಉರಿಯಿತು. ನಮಗೆ ಆಗಿದ್ದು ಇದೇ. ಹೋದ ವರ್ಷ ಒಬ್ಬರು ಬಂದರು, ಕೈಯಲ್ಲಿ ಸಣ್ಣ ಜಿಪಿಎಸ್. ಅರ್ಧ ಗಂಟೆ ಓಡಾಡಿದರು. ಮೂರು ದಿನಕ್ಕೆ ಬಣ್ಣ ಬಣ್ಣದ ನಕ್ಷೆ ಕೊಟ್ಟರು. ನಮ್ಮ ಪತ್ರ ನೋಡಲಿಲ್ಲ, ಅಕ್ಕಪಕ್ಕದವರನ್ನು ಕರೆಯಲಿಲ್ಲ. ಆ ನಕ್ಷೆ ನಂಬಿ ಕಾಂಪೌಂಡ್ ಹಾಕಿದೆವು. ಹಿಂದಿನ ಸೈಟಿನವರು ಹದ್ದುಬಸ್ತು ಮಾಡಿಸಿದಾಗ ನಮ್ಮ ಗೋಡೆ ಎರಡು ಅಡಿ ಅವರ ಜಾಗದಲ್ಲಿದೆ ಅಂತ ಗೊತ್ತಾಯಿತು. ಒಡೆದು ಮತ್ತೆ ಕಟ್ಟಿದೆವು. 9,000 ಉಳಿಸಲು ಹೋಗಿ ಲಕ್ಷದ ಹತ್ತಿರ ಹೋಯಿತು. ಅಲ್ಲಿಂದ ಹಿಂದಿನವರು ನಮ್ಮನ್ನು ಮಾತಾಡಿಸುವುದಿಲ್ಲ.

ಬಿಎಂ_ರೋಡ್
ನಾನು ಮೊದಲೇ ಹೇಳಲಿಲ್ಲವಾ?

ಗಾರೆ_ಕೆಲಸ
ನೀವು ಹೇಳಿದ್ದು ಬೇರೆ. ಒಬ್ಬ ಕೆಟ್ಟ ಕೆಲಸ ಮಾಡಿದ ಅಂತ ಎಲ್ಲರನ್ನೂ ಬೇಡ ಅನ್ನಬೇಡಿ. ಹದ್ದುಬಸ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಅಲ್ಲಿಯವರೆಗೆ ಬ್ಯಾಂಕ್ ಸಾಲ, ಬಾಡಿಗೆ ಮನೆ, ಮೇಸ್ತ್ರಿಗೆ ಕೊಟ್ಟ ಮುಂಗಡ, ಇದಕ್ಕೆಲ್ಲ ಯಾರು ಹೊಣೆ?

ಬಿಎಂ_ರೋಡ್
ಕಾಯುವುದು ಕಷ್ಟ ನಿಜ. ಆದರೆ ಪಕ್ಕದವರು ಖಾಸಗಿ ನಕ್ಷೆಯನ್ನು ಒಪ್ಪಲ್ಲ ಅಂದರೆ ಏನು ಮಾಡುತ್ತೀರಿ? ಅವರೂ ಒಬ್ಬ ಸರ್ವೆಯರ್ ಕರೆಸುತ್ತಾರೆ. ಎರಡು ನಕ್ಷೆ, ಎರಡು ಗಡಿ. ಆಮೇಲೆ ಹೇಗೂ ಇಲಾಖೆಗೆ ಹೋಗಲೇಬೇಕು.

ಕೋರ್ಟ್_ಕಟ್ಟೆ
ನಾನು ವಕೀಲೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಖಾಸಗಿ ನಕ್ಷೆಗೆ ಬೆಲೆಯೇ ಇಲ್ಲ ಅಂತಲ್ಲ, ಅದು ನಿಮ್ಮ ಕಡೆಯ ಒಂದು ಪುರಾವೆ. ಅಳೆದವರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ, ಎದುರು ಕಡೆಯವರು ಪ್ರಶ್ನೆ ಮಾಡುತ್ತಾರೆ. ಜಾಗದ ಜಗಳ ಕೋರ್ಟಿಗೆ ಬಂದರೆ ಸಾಮಾನ್ಯವಾಗಿ ಕೋರ್ಟ್ ಕಮಿಷನರ್ ನೇಮಕ ಮಾಡಿ ಸರ್ಕಾರಿ ಭೂಮಾಪಕರಿಂದ ಮತ್ತೆ ಅಳೆಸುತ್ತಾರೆ. ಹದ್ದುಬಸ್ತಿನಲ್ಲಿ ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅವರ ಎದುರಿಗೆ ಅಳತೆ ಆಗುತ್ತದೆ, ಮಹಜರು ಬರೆಯುತ್ತಾರೆ. ತೂಕ ಬರುವುದು ಅದಕ್ಕೆ.

ಸಾಲಗಾಮೆ_ರಸ್ತೆ ಅವರೇ, ಕ್ರಯಪತ್ರದ ಚಕ್ಕುಬಂದಿ ಓದಿದ್ದೀರಾ? ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ಬರೆದಿರುತ್ತಾರಲ್ಲ, ಅದು. ಅಳತೆಗೂ ಚಕ್ಕುಬಂದಿಗೂ ತಾಳೆ ಆಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ಬೆಲೆ. ಜನ ವಿಸ್ತೀರ್ಣ ಮಾತ್ರ ನೋಡುತ್ತಾರೆ, ಚಕ್ಕುಬಂದಿಯನ್ನು ಪತ್ರ ಬರಹಗಾರರಿಗೆ ಬಿಟ್ಟುಬಿಡುತ್ತಾರೆ.

ಅರಕಲಗೂಡು_ಅಮ್ಮು
ಮೇಡಂ, 12 ವರ್ಷ ಆದರೆ ಜಾಗ ಅವರದ್ದೇ ಆಗುತ್ತದೆ ಅಂತಾರಲ್ಲ? ಆ ಕಾಂಪೌಂಡ್ 2011ರದ್ದು.

ಕೋರ್ಟ್_ಕಟ್ಟೆ
ಕ್ಯಾಲೆಂಡರ್ ತಿರುಗಿದ ಮಾತ್ರಕ್ಕೆ ಆಗುವುದಿಲ್ಲ. ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಇದೆ ನಿಜ. ಆದರೆ ಅದು ನಿಮ್ಮ ಜಾಗ ಅಂತ ಗೊತ್ತಿದ್ದೂ, ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ ಸತತವಾಗಿ ಅನುಭವಿಸಿದ್ದೇವೆ ಅಂತ ಅವರೇ ಸಾಬೀತು ಮಾಡಬೇಕು. ತಪ್ಪಾಗಿ ಗೋಡೆ ಒಳಗೆ ಬಂದಿದ್ದರೆ ಅಷ್ಟು ಸುಲಭ ಅಲ್ಲ. ಹಾಗಂತ ಸುಮ್ನೆ ಕೂರುವುದೂ ಬೇಡ.

ಅರಕಲಗೂಡು_ಅಮ್ಮು
ನಮ್ಮದು ಇನ್ನೂ ಕಷ್ಟ. ಊರೊಳಗಿನ ಮನೆ, ಗ್ರಾಮಠಾಣ. ಪಹಣಿಯೂ ಇಲ್ಲ, ಟಿಪ್ಪಣಿಯೂ ಇಲ್ಲ. ಪಂಚಾಯಿತಿ ಪುಸ್ತಕದಲ್ಲಿ ಉದ್ದ ಅಗಲ ಮಾತ್ರ. ನಮ್ಮ ಹಿತ್ತಲಿನ ಗಡಿಯ ಮೇಲೇ ಒಂದು ಹಲಸಿನ ಮರ ಇದೆ, ನಮ್ಮಜ್ಜಿ ನೆಟ್ಟಿದ್ದು. ಪಕ್ಕದವರು ಅದು ತಮ್ಮದು ಅಂತಾರೆ. ಹೋದ ವರ್ಷ ಹಣ್ಣು ಕೀಳುವಾಗ ದೊಡ್ಡ ರಂಪ.

ಕಡೂರು_ತೆಂಗು
ಬುಡ ಯಾರ ಜಾಗದಲ್ಲಿದೆಯೋ ಮರ ಅವರದ್ದು. ನಮ್ಮ ತೆಂಗಿನ ಮರ ಪೂರ್ತಿ ಪಕ್ಕದವರ ಕಡೆ ಬಾಗಿದೆ. ಕಾಯಿ ಅವರ ಅಂಗಳಕ್ಕೆ ಬೀಳುತ್ತದೆ. ಬಿದ್ದಿದ್ದರಲ್ಲಿ ನಾಲ್ಕು ಅವರಿಗೇ ಬಿಡುತ್ತೇವೆ, ಜಗಳ ಆಗಿಲ್ಲ.

ಅರಕಲಗೂಡು_ಅಮ್ಮು
ಬುಡವೇ ಗಡಿಯ ಮೇಲಿದೆ ಅಂತ ಹೇಳಿದೆನಲ್ಲ!

ಚೈನು_ಕ್ರಾಸ್‌ಸ್ಟಾಫ್
ಅಮ್ಮು ಅವರೇ, ಗ್ರಾಮಠಾಣದ ಮನೆಗಳಿಗೆ ಅಂತಲೇ 2020ರಲ್ಲಿ ಸ್ವಾಮಿತ್ವ ಯೋಜನೆ ಬಂತು. ಮೊದಲು ಪ್ರತಿ ಆಸ್ತಿಯ ಸುತ್ತ ಸುಣ್ಣದಲ್ಲಿ ಗೆರೆ ಹಾಕುತ್ತಾರೆ, ಆಮೇಲೆ ಡ್ರೋನ್ ಹಾರಿಸಿ ನಕ್ಷೆ ತೆಗೆಯುತ್ತಾರೆ. ನಿಮ್ಮೂರಿನಲ್ಲಿ ಆಗಿದೆಯಾ ಅಂತ ಪಂಚಾಯಿತಿಯಲ್ಲಿ ವಿಚಾರಿಸಿ. ಆಗಿಲ್ಲದಿದ್ದರೆ ಸುಣ್ಣ ಹಾಕುವ ದಿನ ಮನೆಯವರು ಯಾರಾದರೂ ತಪ್ಪದೆ ಇರಿ. ಮೇಲಿನಿಂದ ಕಾಣುವುದು ಸುಣ್ಣದ ಗೆರೆ. ಅಜ್ಜಿ ನೆಟ್ಟ ಮರ ಅಂತ ಡ್ರೋನಿಗೆ ಗೊತ್ತಾಗುವುದಿಲ್ಲ.

ಕಾಫಿ_ಮೂಡಿಗೆರೆ
ನಮ್ಮ ಕಡೆಯವರಿಗೆ ಒಂದು ಮಾತು. ತೋಟದಲ್ಲಿ ಅಳೆಸುವುದಾದರೆ ಕೊಯ್ಲು ಮುಗಿದ ಮೇಲೆ, ಮಳೆಗೆ ಮೊದಲು ಮಾಡಿಸಿ. ಮಳೆಗಾಲದಲ್ಲಿ ಸಾಧ್ಯವೇ ಇಲ್ಲ. ಸಿಲ್ವರ್ ಓಕ್ ಕೆಳಗೆ ರೋವರಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಟೋಟಲ್ ಸ್ಟೇಷನ್ ಇಟ್ಟರೆ ಕಣ್ಣಿಗೆ ನೇರ ದಾರಿ ಬೇಕು, ರೆಂಬೆ ಸವರಬೇಕು. ಇಬ್ಬರು ಆಳು ಮೊದಲೇ ಗೊತ್ತು ಮಾಡಿಕೊಳ್ಳಿ.

ಸಾಲಗಾಮೆ_ರಸ್ತೆ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಚಕ್ಕುಬಂದಿ ನೋಡಿದೆ. ಪೂರ್ವಕ್ಕೆ ಸೈಟ್ ನಂಬರ್ 22, ಪಶ್ಚಿಮಕ್ಕೆ 20, ದಕ್ಷಿಣಕ್ಕೆ ರಸ್ತೆ. ನಮ್ಮದು 21. ಈಗ ಸರ್ವೆಯರ್ ಕರೆಸುವುದಾದರೆ ಯಾವ ಕಾಗದ ಇಟ್ಟುಕೊಳ್ಳಬೇಕು?

ಚೈನು_ಕ್ರಾಸ್‌ಸ್ಟಾಫ್
ಲೇಔಟಿನ ಸೈಟಿಗೆ ಬರೀ ಟಿಪ್ಪಣಿ ಸಾಲದು. ಟಿಪ್ಪಣಿಯಲ್ಲಿ ಇಡೀ ಸರ್ವೆ ನಂಬರಿನ ಹೊರಗಡಿ ಇರುತ್ತದೆ, ನಿಮ್ಮ ಸೈಟು ಇರುವುದಿಲ್ಲ. ಹಾಗಾಗಿ ಅನುಮೋದನೆಯಾದ ಲೇಔಟ್ ನಕ್ಷೆಯ ದೃಢೀಕರಿಸಿದ ಪ್ರತಿ ತೆಗೆಸಿ. ಹಾಸನ ನಗರದ ವ್ಯಾಪ್ತಿಯಾದರೆ ಹುಡಾದಲ್ಲಿ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಕೇಳಿ. ಅದರ ಜೊತೆ ಭೂಪರಿವರ್ತನೆ ಆದೇಶ, ಆ ಸರ್ವೆ ನಂಬರಿನ ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ. 20 ಮತ್ತು 22ನೇ ಸೈಟಿನ ಕ್ರಯಪತ್ರದ ಪ್ರತಿಯೂ ಸಿಕ್ಕರೆ ಬಹಳ ಒಳ್ಳೆಯದು. ಇದನ್ನೆಲ್ಲ ನೋಡದೆ ಮಷಿನ್ ಇಳಿಸುವ ಸರ್ವೆಯರ್ ನಿಮಗೆ ಬೇಡ.

ಅಳೆಯುವ ದಿನ ಪಕ್ಕದವರನ್ನು ಕರೆಯಿರಿ. ನೀವು ಒತ್ತಿದ್ದೀರಿ ಅಂತ ಹೇಳಬೇಡಿ. ಮನೆ ಕಟ್ಟುತ್ತಿದ್ದೇವೆ, ಅಳತೆ ಮಾಡಿಸುತ್ತೇವೆ, ನೀವೂ ಬಂದು ನೋಡಿ ಅನ್ನಿ. ನನ್ನ ಇಡೀ ಸರ್ವಿಸಿನಲ್ಲಿ ಕಂಡಿದ್ದು ಇದು. ಎದುರಿಗೆ ನಿಂತು ನೋಡಿದವನು ಅಷ್ಟು ಸುಲಭಕ್ಕೆ ತಕರಾರು ಎತ್ತುವುದಿಲ್ಲ. ಅವರು ಒಪ್ಪಿದರೆ ಸಹಿ ಮಾಡಿಸಿಕೊಳ್ಳಿ. ಒಪ್ಪದಿದ್ದರೆ ಆಗ ಹದ್ದುಬಸ್ತಿಗೆ ಹೋಗಿ, ಅದಕ್ಕೂ ಇದೇ ಕಾಗದ ಬೇಕು.

ಬಿಎಂ_ರೋಡ್
ಈ ಕ್ರಮ ಸರಿ ಇದೆ. ನಾನೂ ಒಪ್ಪುತ್ತೇನೆ.

ಗಾರೆ_ಕೆಲಸ
ಮುಂಗಡ ಪೂರ್ತಿ ಕೊಡಬೇಡಿ. ಮೂಲೆ ಕಲ್ಲು ನೆಟ್ಟು, ಸಹಿ ಇರುವ ನಕ್ಷೆ ಮತ್ತು ಅಳತೆಯ ಮೂಲ ಫೈಲ್ ಕೊಟ್ಟ ಮೇಲೆ ಬಾಕಿ ಕೊಡಿ. ಕಾಗದದ ನಕ್ಷೆ ಮಾತ್ರ ಕೊಟ್ಟರೆ ನಾಳೆ ಇನ್ನೊಬ್ಬರು ತಾಳೆ ನೋಡಲು ಆಗುವುದಿಲ್ಲ.

ಸಾಲಗಾಮೆ_ರಸ್ತೆ (ಐದು ವಾರದ ನಂತರ)
ಏನಾಯಿತು ಅಂತ ಹೇಳಲೇಬೇಕು. 14,000 ಕೇಳಿದವರನ್ನೇ ಕರೆಸಿದೆವು. ಲೇಔಟ್ ನಕ್ಷೆಯ ಪ್ರತಿ ಸಿಗಲು ಮೂರು ವಾರ ಹಿಡಿಯಿತು. ಅದು ಬರುವವರೆಗೆ ನಾನು ಬರುವುದಿಲ್ಲ ಅಂತ ಅವರೇ ಹೇಳಿದರು. ಅದಕ್ಕೇ ನಂಬಿಕೆ ಬಂತು.

ಬೆಳಿಗ್ಗೆ ಏಳಕ್ಕೆ ಶುರು ಮಾಡಿದರು. ನಮ್ಮ ಸೈಟಿನಿಂದ ಅಲ್ಲ, ರಸ್ತೆ ಕೂಡುವ ಮೂಲೆಯಿಂದ. ನಮ್ಮ ಸಾಲಿನಲ್ಲಿ 8 ಸೈಟು, ಒಟ್ಟು 320 ಅಡಿ ಇರಬೇಕು. ಎರಡೂ ತುದಿಯ ಕಲ್ಲು ಸಿಕ್ಕಿತು, ಅಳತೆ 320 ಅಡಿ 2 ಇಂಚು ಬಂತು. ಜಾಗ ಎಲ್ಲೂ ಕಳೆದಿಲ್ಲ ಅಂದರು. ಪಕ್ಕದ ಮನೆಯ ಅಂಕಲ್ ಅಷ್ಟೂ ಹೊತ್ತು ನಿಂತಿದ್ದರು. ಆಂಟಿ ಎಲ್ಲರಿಗೂ ಕಾಫಿ ತಂದುಕೊಟ್ಟರು. ನನಗೆ ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ.

ನಮ್ಮ ಪೂರ್ವದ ಮೂಲೆ ಬರಬೇಕಾದ ಕಡೆ ಗೂಟ ಹೊಡೆದರು. ಅಲ್ಲಿ ಕಲ್ಲೇ ಇರಲಿಲ್ಲ. ಅಗೆಯಿರಿ ಅಂದರು. ಒಂದು ಅಡಿ ಆಳದಲ್ಲಿ ಕಲ್ಲು ಸಿಕ್ಕಿತು! ಚೌಕವಾಗಿ ಕೆತ್ತಿದ ಕಲ್ಲು, ಒಂದು ಮುಖದಲ್ಲಿ ಕೆಂಪು ಬಣ್ಣದಲ್ಲಿ 21, ಇನ್ನೊಂದರಲ್ಲಿ 22. ರಸ್ತೆ ಎತ್ತರ ಮಾಡಿದಾಗ ಚರಂಡಿ ತೋಡಿದ ಮಣ್ಣು ಅದರ ಮೇಲೆ ಬಿದ್ದು ಮುಚ್ಚಿಹೋಗಿತ್ತು. ನಾವು ಅಳೆದ ಪಾಚಿ ಕಲ್ಲು ಲೇಔಟ್ ಆಗುವ ಮೊದಲು ಹೊಲ ಇದ್ದಾಗಿನ ಬದುವಿನ ಕಲ್ಲು. ಚೈನು_ಕ್ರಾಸ್‌ಸ್ಟಾಫ್ ಸರ್, ನೀವು ಮೊದಲ ದಿನವೇ ಕೇಳಿದ್ದು ಇದೇ.

ಕಾಂಪೌಂಡಿನಿಂದ ಈ ಕಲ್ಲಿಗೆ 39 ಅಡಿ 9 ಇಂಚು. ಮೂರು ಇಂಚು ಗೋಡೆ ನಮ್ಮ ಕಡೆ ಇದೆ. ಅಂಕಲ್ ತಾವಾಗಿಯೇ, ಬೇಕಾದರೆ ಒಡೆದು ಕಟ್ಟಿಕೊಡುತ್ತೇನೆ ಅಂದರು. ಅಮ್ಮ ಬೇಡವೇ ಬೇಡ ಅಂದರು. ಗೋಡೆ ಹಾಗೇ ಇರಲಿ, ಮೂರು ಇಂಚು ನಮ್ಮದು ಅಂತ ಇಬ್ಬರೂ ಬರೆದು ಸಹಿ ಮಾಡಿದ್ದೇವೆ.

ಕಾಫಿ_ಮೂಡಿಗೆರೆ
ಕಣ್ಣಲ್ಲಿ ನೀರು ಬಂತು ಕಣ್ರೀ.

ಕೋರ್ಟ್_ಕಟ್ಟೆ
ಒಳ್ಳೆಯದಾಯಿತು. ಆ ಬರಹವನ್ನು ಬಿಳಿ ಹಾಳೆಯಲ್ಲಿ ಬಿಡಬೇಡಿ. ಸ್ಟಾಂಪ್ ಪೇಪರಿನಲ್ಲಿ ಬರೆಸಿ, ಸರ್ವೆ ನಕ್ಷೆಯನ್ನೂ ಲಗತ್ತಿಸಿ. ನಾಳೆ ಅವರು ಮನೆ ಮಾರಿದರೆ ಕೊಂಡವರಿಗೂ ತೋರಿಸಲು ಬೇಕಾಗುತ್ತದೆ.

ಅರಕಲಗೂಡು_ಅಮ್ಮು
ನಮ್ಮೂರಿನಲ್ಲಿ ಸುಣ್ಣ ಹಾಕುವುದು ಇನ್ನೂ ಆಗಿಲ್ಲವಂತೆ, ಪಂಚಾಯಿತಿಯಲ್ಲಿ ವಿಚಾರಿಸಿ ಬಂದೆ. ಆ ದಿನ ನಾನೇ ಮರದ ಕೆಳಗೆ ನಿಂತಿರುತ್ತೇನೆ.

ಚೈನು_ಕ್ರಾಸ್‌ಸ್ಟಾಫ್
ಸಂತೋಷ ಆಯಿತು. ಈಗ ಒಂದು ಕೆಲಸ ತಕ್ಷಣ ಮಾಡಿ. ಆ 21, 22ರ ಕಲ್ಲಿನ ಸುತ್ತ ಕಾಂಕ್ರೀಟ್ ಹಾಕಿಸಿ, ಬಣ್ಣ ಬಳಿಯಿರಿ, ರಸ್ತೆ ಮತ್ತು ಕಾಂಪೌಂಡ್ ಎರಡೂ ಕಾಣುವ ಹಾಗೆ ಫೋಟೋ ತೆಗೆದಿಡಿ. 22ನೇ ಸೈಟಿನವರಿಗೂ ಒಂದು ಪ್ರತಿ ಕಳಿಸಿ. ಪಾಯಕ್ಕೆ ಜೆಸಿಬಿ ಬರುವ ದಿನ ನೀವು ಆ ಕಲ್ಲಿನ ಪಕ್ಕದಲ್ಲೇ ನಿಂತಿರಿ, ಡ್ರೈವರ್ ಎಷ್ಟೇ ಒಳ್ಳೆಯವನಾಗಿದ್ದರೂ.

ಸಾಲಗಾಮೆ_ರಸ್ತೆ
ಖಂಡಿತ ಸರ್. ಸಿಮೆಂಟ್ ಚೀಲ ಇವತ್ತೇ ತಂದಿಟ್ಟಿದ್ದೇನೆ.